ಪ್ಲಾಟ್‌ಫಾರಂ ಎಷ್ಟು ಉದ್ದ?

ಸಿಂಗಪುರಕ್ಕೆ ಮೆಟ್ರೋ ಬೇಕೇ, ಬೇಡವೇ ಎಂದು ತೀರ್ಮಾನಿಸಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಇಲ್ಲಿನ ಎಂ.ಆರ್.ಟಿ. ರೈಲಿನಲ್ಲಿ ದಿನವೂ ಓಡಾಡುವ ನನ್ನಂಥವರಿಗೆ ಇದನ್ನು ನಂಬುವುದೇ ಕಷ್ಟ. ಇನ್ನೂ ಬೆಳೆಯುತ್ತಿರುವ ಊರಿಗೆ ಎಷ್ಟು ದೊಡ್ಡ ರೈಲು ಬೇಕೆಂದು ಮೊದಲೇ ಲೆಕ್ಕ ಹಾಕುವುದು ಎಂಥ ಕೆಲಸವೆಂದು ಆ ಚರ್ಚೆಯ ಇತಿಹಾಸ ತಿಳಿಸುತ್ತದೆ.

ವಿಶ್ವಸಂಸ್ಥೆಯ ನೆರವಿನಿಂದ 1967ರಲ್ಲಿ ಆರಂಭವಾಗಿ 1971ರಲ್ಲಿ ಮುಗಿದ ನಗರ ಯೋಜನೆಯ ಅಧ್ಯಯನವು, 1992ರ ಹೊತ್ತಿಗೆ ಬಸ್ಸುಗಳಷ್ಟೇ ಸಾಲುವುದಿಲ್ಲ, ರೈಲು ಬೇಕು ಎಂದಿತ್ತು. ಸರಕಾರಕ್ಕೆ ಖರ್ಚಿನ ಚಿಂತೆ. ಉಪಪ್ರಧಾನಿ ಗೋ ಕೆಂಗ್ ಸ್ವೀ ಅವರಿಗೆ ಅನುಮಾನ. ಸ್ವತಃ ವಾಸ್ತುಶಿಲ್ಪಿಯಾಗಿದ್ದ ಸಂಪರ್ಕ ಸಚಿವ ಓಂಗ್ ಟೆಂಗ್ ಚಿಯೋಂಗ್ ಅವರಿಗೆ ರೈಲು ಬೇಕೇ ಬೇಕು. 1980ರಲ್ಲಿ ಹಾರ್ವರ್ಡ್‌ನ ತಜ್ಞರ ತಂಡವೊಂದು, ಬಸ್ ವ್ಯವಸ್ಥೆಯನ್ನೇ ಸುಧಾರಿಸಿದರೆ ಕಡಿಮೆ ಹಣದಲ್ಲಿ ಕೆಲಸವಾಗುತ್ತದೆ ಎಂದು ವರದಿ ಕೊಟ್ಟಿತು. ವಾದ ವಿವಾದ ಟೆಲಿವಿಷನ್ನಿಗೂ ಬಂತು.

ಬಸ್ಸಿನ ಪರವಾದ ಮಾತು ಹುರುಳಿಲ್ಲದ್ದೇನಲ್ಲ. ಬಸ್ಸಿನ ದಾರಿಯನ್ನು ನಾಳೆಯೇ ಬದಲಿಸಬಹುದು, ಸುರಂಗವನ್ನು ಬದಲಿಸಲಾಗದು. ಆದರೆ ಪುಟ್ಟ ದ್ವೀಪದಲ್ಲಿ ಅಷ್ಟೊಂದು ಬಸ್ಸುಗಳಿಗೆ ರಸ್ತೆ ಎಲ್ಲಿಂದ ತರುವುದು? 1981ರ ಸಂಚಾರ ಅಧ್ಯಯನವೂ ಬಸ್ಸನ್ನೇ ನೆಚ್ಚಿಕೊಂಡರೆ ಆಗದು ಎಂದಿತು. 1982ರ ಮೇ ತಿಂಗಳಲ್ಲಿ ಸರಕಾರ ಒಪ್ಪಿತು. ಅಂದಾಜು ವೆಚ್ಚ 500 ಕೋಟಿ ಸಿಂಗಪುರ ಡಾಲರ್. 1987ರ ನವೆಂಬರ್ 7ರಂದು ಯಿಯೋ ಚು ಕಾಂಗ್‌ನಿಂದ ತೋ ಪಾಯೋವರೆಗೆ, ಐದು ನಿಲ್ದಾಣಗಳ ನಡುವೆ, ಸಂಚಾರ ಆರಂಭವಾಯಿತು.

ಆಗಿನ ನಿರ್ಧಾರಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆರು ಬೋಗಿಗಳ ಉದ್ದದ ಪ್ಲಾಟ್‌ಫಾರಂ. 1980ರಲ್ಲಿ ಇಲ್ಲಿನ ಜನಸಂಖ್ಯೆ ಸುಮಾರು 24 ಲಕ್ಷ. 2024ರಲ್ಲಿ ಅದು 60 ಲಕ್ಷ ದಾಟಿತ್ತು. ಜನ ಹೆಚ್ಚಾದಾಗ ರೈಲುಗಳ ನಡುವಿನ ಅಂತರವನ್ನು ತಗ್ಗಿಸಬಹುದು. ಹಳೆಯ ಎರಡು ಮಾರ್ಗಗಳಿಗೆ 2017-18ರಲ್ಲಿ ಹೊಸ ಸಿಗ್ನಲ್ ವ್ಯವಸ್ಥೆ ಬಂದ ಮೇಲೆ 120 ಸೆಕೆಂಡಿನ ಅಂತರವನ್ನು 100ಕ್ಕೆ ಇಳಿಸಲು ಸಾಧ್ಯವಾಯಿತು. ಅಂದರೆ ಗಂಟೆಗೆ 30 ರೈಲುಗಳ ಬದಲು 36. ಆದರೆ ನೆಲದಡಿಯ ಪ್ಲಾಟ್‌ಫಾರಂ ಮೊದಲು ಕಟ್ಟಿದಷ್ಟೇ ಉದ್ದ. ರೈಲು ಓಡುತ್ತಿರುವಾಗ ಅದನ್ನು ಹಿಗ್ಗಿಸುವುದು ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದಂತೆಯೇ.

ಇದೇ ಊರು ಆಮೇಲೆ ಬೇರೆ ಲೆಕ್ಕಗಳನ್ನೂ ಹಾಕಿತು. 2009ರಲ್ಲಿ ಮೊದಲ ಭಾಗ ತೆರೆದ ಸರ್ಕಲ್ ಲೈನ್‌ನ ಪ್ಲಾಟ್‌ಫಾರಂಗಳು ಮೂರು ಬೋಗಿಗಳಿಗಷ್ಟೇ. ಅಲ್ಲಿ ಜನ ಹೆಚ್ಚಿದರೆ ರೈಲುಗಳನ್ನು ಹೆಚ್ಚಿಸಬಹುದೇ ಹೊರತು ಬೋಗಿಗಳನ್ನಲ್ಲ. ಇನ್ನೊಂದು ತುದಿಯ ಉದಾಹರಣೆ ಈಶಾನ್ಯ ಮಾರ್ಗದ ಬುವಾಂಗ್‌ಕಾಕ್ ನಿಲ್ದಾಣ. 2003ರಲ್ಲಿ ಮಾರ್ಗ ತೆರೆದಾಗ ನಿಲ್ದಾಣ ಸಿದ್ಧವಿತ್ತು, ಸುತ್ತ ಮನೆಗಳು ಸಾಲದೆಂದು ಬಾಗಿಲು ತೆರೆಯಲಿಲ್ಲ. 2005ರಲ್ಲಿ ಅದರ ಹತ್ತಿರ ಯಾರೋ ರಟ್ಟಿನ ಬಿಳಿಯಾನೆಗಳನ್ನು ನಿಲ್ಲಿಸಿದರು. 2006ರ ಜನವರಿಯಲ್ಲಿ ಬಾಗಿಲು ತೆರೆಯಿತು. ತಡವಾಗಿ ತೆರೆಯುವ ನಿಲ್ದಾಣದ ಮುಜುಗರ ಕೆಲವು ವರ್ಷಗಳದು. ಮೋಟಾದ ಪ್ಲಾಟ್‌ಫಾರಂನ ಇಕ್ಕಟ್ಟು ತಲೆಮಾರುಗಳದು.

ಈ ವಿಷಯದಲ್ಲಿ ನಮ್ಮ ಬೆಂಗಳೂರು ಜಾಣತನ ತೋರಿದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಹೊರಟ ನಮ್ಮ ಮೆಟ್ರೋಗೆ ಇದ್ದದ್ದು ಮೂರೇ ಬೋಗಿ, ಪ್ಲಾಟ್‌ಫಾರಂ ಮಾತ್ರ ಆರಕ್ಕೆ. ಆ ಖಾಲಿ ಉದ್ದವೇ 2018ರಲ್ಲಿ ಆರು ಬೋಗಿಗಳ ರೈಲು ಓಡಿಸಲು ನೆರವಾಯಿತು. 2001ರಿಂದ 2011ರ ಜನಗಣತಿಯೊಳಗೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತ್ತು ಎಂಬುದನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ.

1982ರಲ್ಲಿ ರೈಲಿಗೆ ಒಪ್ಪಿಗೆ ಕೊಟ್ಟವರಿಗೆ, ಮುಂದೆ ಇಲ್ಲಿಗೆ ಬದುಕು ಅರಸಿ ಬರುವ ನಮ್ಮಂಥವರ ಮುಖಪರಿಚಯವಿರಲಿಲ್ಲ. ಆದರೂ ನಾವು ನಿಲ್ಲುವಷ್ಟು ಜಾಗ ಬಿಟ್ಟಿದ್ದರು. ಹೊಸ ಮಾರ್ಗ ಘೋಷಣೆಯಾದಾಗ ಊರಿನವರೆಲ್ಲ 'ಯಾವಾಗ ಶುರು?' ಎಂದು ಕೇಳುತ್ತಾರೆ. ಜೊತೆಗೆ ಪ್ಲಾಟ್‌ಫಾರಂ ಎಷ್ಟು ಉದ್ದ, ಎಷ್ಟು ನಿಮಿಷಕ್ಕೊಂದು ರೈಲು ಎಂದೂ ಕೇಳುವುದು ಒಳ್ಳೆಯದು, ಕಾಂಕ್ರೀಟ್ ಸುರಿಯುವುದಕ್ಕೆ ಮೊದಲೇ.