ಸೆರೆಯ ಪಾಠ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಫೇರ್‌ಚೈಲ್ಡ್ ಎಂಬ ವಾಯುನೆಲೆಯಿದೆ. ಶತ್ರುನೆಲದಲ್ಲಿ ಸಿಕ್ಕಿಬಿದ್ದ ವೈಮಾನಿಕರು ಬದುಕಿ ಬರುವುದು ಹೇಗೆಂದು ಕಲಿಸುವ ಶಿಕ್ಷಕರು ತಯಾರಾಗುವುದು ಅಲ್ಲಿ. ಕಲಿಸುವ ಮೊದಲು ಅವರೇ ಕಾಡಿನಲ್ಲಿ ಬೆಂಕಿ ಹೊತ್ತಿಸಬೇಕು, ಸೂರು ಕಟ್ಟಿಕೊಳ್ಳಬೇಕು, ಸಿಕ್ಕಿದ್ದನ್ನು ತಿನ್ನಬೇಕು. ಇಷ್ಟೇ ಆಗಿದ್ದರೆ ಎನ್‌ಸಿಸಿ ಕ್ಯಾಂಪನ್ನು ಇನ್ನಷ್ಟು ಬಿಗಿ ಮಾಡಿದ್ದಾರೆ ಎಂದುಕೊಂಡು ಸುಮ್ಮನಾಗುತ್ತಿದ್ದೆ. ನನ್ನನ್ನು ಕಾಡುವುದು ಅಲ್ಲಿಯ ಸೆರೆಯ ಪಾಠ.

ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕದ ಕೆಲವು ವೈಮಾನಿಕರು ತಾವು ರೋಗಾಣು ಬಾಂಬು ಹಾಕಿದ್ದಾಗಿ ಒಪ್ಪಿಕೊಂಡರು. ಬಿಡುಗಡೆಯಾದ ಮೇಲೆ, ಅದು ಬಲವಂತದ ಹೇಳಿಕೆ ಎಂದರು. ಆ ಬಲವಂತದ ಬಗೆಗಳನ್ನು ಸಮಾಜವಿಜ್ಞಾನಿ ಆಲ್ಬರ್ಟ್ ಬೈಡರ್‌ಮನ್ 1957ರಲ್ಲಿ ಪಟ್ಟಿ ಮಾಡಿದರು: ಒಂಟಿಯಾಗಿಡುವುದು, ದಣಿಸುವುದು, ಬೆದರಿಸುವುದು, ಅವಮಾನಿಸುವುದು. ತರಬೇತಿಯ ನಕಲಿ ಸೆರೆಮನೆಯಲ್ಲಿ ಇಂಥವುಗಳನ್ನೇ ಅಳತೆಮಾಡಿ ಶಿಷ್ಯನ ಮೇಲೆ ಪ್ರಯೋಗಿಸುತ್ತಾರೆ. ಗದರುವವನು ತನ್ನವನೇ, ನಾಳೆಯೋ ನಾಡಿದ್ದೋ ಇದು ಮುಗಿಯುತ್ತದೆ ಎಂಬುದು ಅವನಿಗೆ ಗೊತ್ತು. ತರಬೇತಿಗೂ ಹಿಂಸೆಗೂ ಇರುವ ಅಂತರ, ನನ್ನ ಮಟ್ಟಿಗೆ, ಅಷ್ಟೇ.

2002ರ ಡಿಸೆಂಬರಿನಲ್ಲಿ, ಇಂಥ ತರಬೇತಿಯ ಶಿಕ್ಷಕರು ಗ್ವಾಂಟನಾಮೋ ಸೆರೆಶಿಬಿರಕ್ಕೆ ಹೋಗಿ ಅಲ್ಲಿನ ವಿಚಾರಣಾಧಿಕಾರಿಗಳಿಗೆ ಪಾಠ ಮಾಡಿದರು. ಸುಳ್ಳು ಒಪ್ಪಿಸಲು ಬಳಸಿದ್ದ ಬಗೆಗಳಿಂದ ಈಗ ನಿಜ ಹೊರಡಿಸಬೇಕಿತ್ತು! ಮುಂದಿಟ್ಟಿದ್ದು ಬೈಡರ್‌ಮನ್ನರ ಪಟ್ಟಿಯನ್ನೇ. ಕಮ್ಯುನಿಸ್ಟರ ಬಲವಂತದ ವಿಧಾನಗಳು ಎಂದಿದ್ದ ತಲೆಬರಹವನ್ನು ಮಾತ್ರ ತೆಗೆದಿದ್ದರು.