ಉಂಡು ಮಲಗುವ ತನಕ

ಮೊನ್ನೆ ಬಸ್ಸಿನಲ್ಲಿ ಹಿಂದಿನ ಆಸನದ ತರುಣನೊಬ್ಬನು ತನ್ನ ಗೆಳೆಯನಿಗೆ "ಕಾಫಿಗೆ ಡೈವೋರ್ಸ್ ಕೊಟ್ಟುಬಿಟ್ಟೆ ಕಣೋ" ಎಂದು ಸಾರಿದುದನ್ನು ಕೇಳಿ, ಕಾಫಿಗಿಂತಲೂ ಆ 'ಕೊಟ್ಟುಬಿಟ್ಟೆ'ಯ ವಿಷಯದಲ್ಲಿ ನನಗೆ ಮರುಕವುಂಟಾಯಿತು. ಬಿಟ್ಟೆನೆಂದರೆ ಸಾಲದೆ? 1955ರ ಹಿಂದೂ ವಿವಾಹ ಅಧಿನಿಯಮದನ್ವಯ, ರೂಢಿಯ ಬಲವುಳ್ಳ ಕೆಲವು ಸಮುದಾಯಗಳ ಮಾತು ಹಾಗಿರಲಿ, ವಿಚ್ಛೇದನವೆಂಬುದು ದಂಪತಿಗಳು ಕೊಡತಕ್ಕ ವಸ್ತುವಲ್ಲ, ನ್ಯಾಯಾಲಯದಲ್ಲಿ ಬೇಡಿ ಪಡೆಯತಕ್ಕದ್ದು. ಅದೂ ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ಮತಾಂತರ ಮೊದಲಾದ ಕಾರಣಗಳಲ್ಲೊಂದನ್ನು ಸ್ಥಾಪಿಸಿ. ಇಬ್ಬರೂ ಸಮ್ಮತಿಸಿದರೂ ವರ್ಷಕಾಲ ಬೇರೆಯಿದ್ದು ಅರ್ಜಿ ಹಾಕಿ, ಮತ್ತೆ ಆರು ತಿಂಗಳು ಕಾಯಬೇಕು. 2017ರಲ್ಲಿ ಸುಪ್ರೀಂ ಕೋರ್ಟು ಈ ಕಡೆಯ ಅವಧಿಯನ್ನು ಮಾತ್ರ ಸಂದರ್ಭಾನುಸಾರ ಮನ್ನಿಸಬಹುದೆಂದಿತು.

ಈ ಕಾಯುವಿಕೆಯ ಮರ್ಮವನ್ನು ಬಲ್ಲವನೇ 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಕಟ್ಟಿರಬೇಕು. ಅವನು ಯಾವುದೋ ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಬಹುಕಾಲ ಕುಳಿತು ತಲೆ ನರೆಸಿಕೊಂಡವನೆಂದು ನನ್ನ ದೃಢವಾದ ನಂಬಿಕೆ. ಮಿತ್ರರು ನಗುತ್ತಾರೆ, ನಗಲಿ. ಹೊತ್ತು ಮುಳುಗುವ ತನಕ ಎನ್ನಬಹುದಿತ್ತು, ಕೂಸು ಅಳುವ ತನಕ ಎನ್ನಬಹುದಿತ್ತು. ಅದೆಲ್ಲವನ್ನೂ ಬಿಟ್ಟು ಉಣ್ಣುವುದು, ಮಲಗುವುದು ಎಂಬ ಎರಡನ್ನೇ ಅವನು ಆರಿಸಿದುದೇಕೆ? 1857ರ ವರೆಗೆ ಇಂಗ್ಲೆಂಡಿನ ಚರ್ಚಿನ ನ್ಯಾಯಾಲಯಗಳು ದಂಪತಿಗಳನ್ನು ಅಗಲಿಸುತ್ತಿದ್ದ ಕ್ರಮಕ್ಕೂ 'ಊಟದ ಮೇಜು ಮತ್ತು ಹಾಸಿಗೆಯಿಂದ' ಬೇರ್ಪಡಿಸುವಿಕೆಯೆಂಬ ಲ್ಯಾಟಿನ್ ಹೆಸರೇ ಇದ್ದಿತು. ನಮ್ಮ ಅಧಿನಿಯಮದ 23ನೆಯ ಕಲಮಾದರೂ ಹೇಳುವುದೇನು? ಕ್ರೌರ್ಯವನ್ನು ಕಾರಣವಾಗಿ ಮುಂದಿಡುವವರು ಅದನ್ನು ಕ್ಷಮಿಸಿರಬಾರದು. 1975ರಲ್ಲಿ ಸುಪ್ರೀಂ ಕೋರ್ಟು ಹೆಂಡತಿಯ ಕ್ರೌರ್ಯ ಸಿದ್ಧವಾಗಿದೆಯೆಂದು ಒಪ್ಪಿಯೂ, ಆ ಬಳಿಕ ಗಂಡನು ಅವಳೊಡನೆ ಎಂದಿನಂತೆ ಸಂಸಾರ ನಡೆಸಿದುದರಿಂದ ಕ್ಷಮಿಸಿದಂತೆಯೇ ಆಯಿತೆಂದು ಅವನ ಬೇಡಿಕೆಯನ್ನು ತಳ್ಳಿಹಾಕಿತು. ಉಂಡರು, ಮಲಗಿದರು, ಮೊಕದ್ದಮೆ ಮುಗಿಯಿತು!

ಆದರೆ ಗಾದೆಯನ್ನು ಈಚೆಗೆ ಬಳಸುವವರ ಮೇಲೆ ನನಗೆ ಸಿಟ್ಟಿದೆ. ಪೆಟ್ಟು ತಿಂದು ತವರಿಗೆ ಬಂದ ಮಗಳಿಗೆ "ಇದೆಲ್ಲಾ ಉಂಡು ಮಲಗೋ ತನಕ ಕಣಮ್ಮ" ಎಂದು ಹೇಳಿ ರಾತ್ರಿಯ ಬಸ್ಸು ಹತ್ತಿಸುವ ಹಿರಿಯರು ಆ 'ತನಕ'ಕ್ಕೆ ಎಲ್ಲೆಯೇ ಇಲ್ಲವೆಂದು ಭಾವಿಸಿದಂತಿದೆ. ಅದೇ ತೀರ್ಪು ಇನ್ನೊಂದು ಮಾತನ್ನೂ ಆಡಿದೆ: ಕ್ಷಮೆಯು ಷರತ್ತಿಗೆ ಒಳಪಟ್ಟದ್ದು, ಕ್ಷಮೆ ಪಡೆದವರು ಪುನಃ ತಪ್ಪಿದರೆ, ಮನ್ನಿಸಲ್ಪಟ್ಟ ಹಳೆಯ ಅಪರಾಧವೂ ಎದ್ದು ಬಂದು ಕಟಕಟೆಯಲ್ಲಿ ನಿಲ್ಲುತ್ತದೆ.