‘ಪುನಃ’ ಎನ್ನಲಾಗದ ನಡಿಗೆ

ಪುಣೆಯ ದಂಡು ಪ್ರದೇಶಗಳಲ್ಲಿ ಮೂರು ಹಳೆಯ ಸಂಸ್ಥೆಗಳಿವೆ. ಒಂದು, ಖಡಕಿಯ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಮೊದಲ ಮಹಾಯುದ್ಧದಲ್ಲಿ ಅಂಗ ಕಳೆದುಕೊಂಡ ಸಿಪಾಯಿಗಳಿಗೆ ಕಸುಬು ಕಲಿಸಲೆಂದು 1917ರಲ್ಲಿ ಮುಂಬೈಯಲ್ಲಿ ಶುರುವಾಗಿ, ಆಮೇಲೆ ಇಲ್ಲಿಗೆ ಬಂದದ್ದು. ಇನ್ನೊಂದು, ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ 1944ರಲ್ಲಿ ತೆರೆದ ಕೃತಕ ಅವಯವ ಕೇಂದ್ರ. ಮೂರನೆಯದು, ಬೆನ್ನುಹುರಿಗೆ ಪೆಟ್ಟುಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಯೋಧರಿಗಾಗಿ 1974ರಲ್ಲಿ ಖಡಕಿಯಲ್ಲೇ ಆರಂಭವಾದ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರ.

ಮೂರರ ಕೆಲಸಕ್ಕೂ ‘ಪುನರ್ವಸತಿ’ ಎಂಬ ಪದ ಸರಿಯಾಗಿಯೇ ಒಪ್ಪುತ್ತದೆ. ಸಿಪಾಯಿಗೆ ಹಿಂದೊಂದು ನಡಿಗೆ ಇತ್ತು, ಅದು ಹೋಯಿತು, ಅದನ್ನು, ಇಲ್ಲವೇ ಅದಕ್ಕೆ ಬದಲಾದುದನ್ನು ಮತ್ತೆ ಕೊಡಬೇಕು. ಈಗ ಅದೇ ಊರಿನ ಖಾಸಗಿ ಚಿಕಿತ್ಸಾ ಕೇಂದ್ರಗಳಿಗೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ರೋಬಾಟಿನ ನೆರವಿನಿಂದ ಹೆಜ್ಜೆ ಹಾಕಲು ಬರುತ್ತಾರೆ. ಆ ಬಾಗಿಲ ಮೇಲೂ ‘ಪುನರ್ವಸತಿ’, ‘ಪುನಶ್ಚೇತನ’ ಎಂಬ ಪದಗಳೇ ಇರುತ್ತವೆ. ಆದರೆ ಈ ಮಕ್ಕಳಲ್ಲಿ ಅನೇಕರು ಹಿಂದೆಂದೂ ನಡೆದವರಲ್ಲ. ಇವರ ಪಾಲಿಗೆ ‘ಪುನಃ’ ಎಂಬುದೇ ಇಲ್ಲ. ಈ ಯಂತ್ರದ ಚರಿತ್ರೆಯನ್ನು ನೋಡಿದರೆ ಇದು ಬರೀ ಪದದ ತಕರಾರಲ್ಲ ಎಂದು ತಿಳಿಯುತ್ತದೆ.

ಈ ಸ್ಥಿತಿಯನ್ನು ಮೊದಲು ವಿವರವಾಗಿ ಬರೆದವನು ಲಂಡನ್ನಿನ ಮೂಳೆವೈದ್ಯ ವಿಲಿಯಂ ಜಾನ್ ಲಿಟಲ್. ತಾನೇ ಸೊಟ್ಟಪಾದದಿಂದ ಬಳಲಿ, ಜರ್ಮನಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವನು. ಮಕ್ಕಳ ಕಾಲು ಬಿಗಿಯುವುದಕ್ಕೂ ಕಷ್ಟದ ಹೆರಿಗೆಗೂ ಸಂಬಂಧವಿದೆ ಎಂದು ಅವನು 1861ರಲ್ಲಿ ಪ್ರಸೂತಿ ವೈದ್ಯರ ಸಭೆಯ ಮುಂದೆ ವಾದಿಸಿದ. ಬಹುಕಾಲ ಇದಕ್ಕೆ ‘ಲಿಟಲ್ ಕಾಯಿಲೆ’ ಎಂಬ ಹೆಸರೇ ಇತ್ತು. ಮನೋವಿಶ್ಲೇಷಣೆಗೆ ಹೆಸರಾಗುವ ಮುನ್ನ ನರರೋಗ ವೈದ್ಯನಾಗಿದ್ದ ಸಿಗ್ಮಂಡ್ ಫ್ರಾಯ್ಡ್ 1897ರಲ್ಲಿ ಬೇರೊಂದು ಮಾತು ಹೇಳಿದ: ಕಷ್ಟದ ಹೆರಿಗೆ ಕಾರಣವೇ ಆಗಿರಬೇಕಿಲ್ಲ, ಗರ್ಭದಲ್ಲೇ ಆದ ಏರುಪೇರಿನ ಲಕ್ಷಣವೂ ಆಗಿರಬಹುದು. ಫ್ರಾಯ್ಡ್‌ನ ಮಾತಿಗೆ ಬೆಲೆ ಬಂದದ್ದು ಬಹಳ ತಡವಾಗಿ.

ಕನ್ನಡದಲ್ಲಿ ಇದನ್ನು ‘ಮೆದುಳಿನ ಪಾರ್ಶ್ವವಾಯು’ ಎನ್ನುವುದುಂಟು. ಹಾಗೆಂದಾಗ ಲಕ್ವ ನೆನಪಿಗೆ ಬರುತ್ತದೆ. ಲಕ್ವ ಹೊಡೆದವರು ನಡೆಯಲು ಬಲ್ಲವರಾಗಿದ್ದರು. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟುಬಿದ್ದಿರುವುದು ಇನ್ನೂ ಬೆಳೆಯುತ್ತಿದ್ದ ಮೆದುಳಿಗೆ. ಆ ಗಾಯ ದಿನೇದಿನೇ ಹೆಚ್ಚುವಂಥದ್ದಲ್ಲ. ಆದರೆ ಮೆದುಳಿನ ಆಜ್ಞೆ ಸರಿಯಾಗಿ ಇಳಿಯದೆ ಸ್ನಾಯುಗಳು ಬಿಗಿಯುತ್ತವೆ. ಮಗು ಬೆಳೆದಂತೆ ಮೂಳೆ, ಕೀಲುಗಳೂ ಬಾಗುತ್ತವೆ.

ಭಾರತದಲ್ಲಿ ಈ ಮಕ್ಕಳು ಬಹುಕಾಲ ಪೋಲಿಯೊದ ನೆರಳಿನಲ್ಲಿದ್ದರು. ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡ ಮಗು ಎಂದರೆ ಜನ ಪೋಲಿಯೊ ಎಂದೇ ತಿಳಿಯುತ್ತಿದ್ದರು. ಪೋಲಿಯೊದಲ್ಲಿ ಸ್ನಾಯುವಿಗೆ ಹೋಗುವ ನರಕೋಶ ಸತ್ತು ಕಾಲು ಜೋತುಬೀಳುತ್ತದೆ; ಕಬ್ಬಿಣದ ಆಧಾರ ಕೊಟ್ಟರೆ ಮಗು ನಿಲ್ಲಬಲ್ಲದು. ಬಿಗಿದುಕೊಂಡ ಕಾಲಿಗೆ ಆಧಾರವೊಂದೇ ಸಾಲದು. 1972ರಲ್ಲಿ ಮಿಥು ಆಲೂರ್ ತಮ್ಮ ಮಗಳಂಥ ಮಕ್ಕಳಿಗಾಗಿ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು. ಕೋಲ್ಕತ್ತ, ದೆಹಲಿ, ಚೆನ್ನೈ, ಬೆಂಗಳೂರುಗಳಲ್ಲೂ ಅಂಥ ಸಂಸ್ಥೆಗಳು ಹುಟ್ಟಿದವು. ದೇಶದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಮಕ್ಕಳ ಚಲನೆಗೆ ಅಡ್ಡಿಯಾಗುವ ಕಾರಣಗಳಲ್ಲಿ ಸೆರೆಬ್ರಲ್ ಪಾಲ್ಸಿ ಮುಂದೆ ಬಂದು ನಿಂತಿತ್ತು.

ಇತ್ತ ಯಂತ್ರದ ಕಥೆ ಬೇರೆಡೆ ಶುರುವಾಗಿತ್ತು. ಮೆದುಳಿನಿಂದ ಸಂಪರ್ಕ ಕಡಿದ ಬೆಕ್ಕಿನ ಬೆನ್ನುಹುರಿಯೂ ಹೆಜ್ಜೆಯ ಲಯವನ್ನು ತಾನೇ ಹುಟ್ಟಿಸಬಲ್ಲದು ಎಂದು ಗ್ರಹಾಂ ಬ್ರೌನ್ 1911ರಲ್ಲಿ ತೋರಿಸಿದ್ದ. 1980ರ ದಶಕದಲ್ಲಿ ಅಂಥ ಬೆಕ್ಕುಗಳು ಟ್ರೆಡ್‌ಮಿಲ್ ಮೇಲಿನ ಅಭ್ಯಾಸದಿಂದ ಹಿಂಗಾಲಿನ ನಡಿಗೆ ಕಲಿತವು. ಮನುಷ್ಯರಿಗೂ ಇದನ್ನೇ ಅನ್ವಯಿಸಿದರು: ರೋಗಿಯ ತೂಕದ ಒಂದು ಭಾಗವನ್ನು ಪಟ್ಟಿಗಳಿಂದ ಮೇಲಕ್ಕೆ ಹಿಡಿದು, ಟ್ರೆಡ್‌ಮಿಲ್ ಓಡಿಸಿ, ಎರಡೂ ಬದಿ ಕುಳಿತ ಚಿಕಿತ್ಸಕರು ಕಾಲುಗಳನ್ನು ಎತ್ತಿ ಇಡುವುದು. ನಿಮಿಷಕ್ಕೆ 40 ಹೆಜ್ಜೆ ಎಂದರೂ ಅರ್ಧ ಗಂಟೆಗೆ 1,200 ಹೆಜ್ಜೆ. ಬಗ್ಗಿ ಕೂತವರ ಬೆನ್ನು ಬಿದ್ದುಹೋಗುತ್ತಿತ್ತು. ಆ ದುಡಿಮೆಯನ್ನು ಮೋಟಾರಿಗೆ ವಹಿಸಲೆಂದು ಜ್ಯೂರಿಕ್‌ನ ಬಾಲ್‌ಗ್ರಿಸ್ಟ್ ಆಸ್ಪತ್ರೆಯಲ್ಲಿ ಗೇರಿ ಕೊಲೊಂಬೊ ಮತ್ತು ಸಂಗಡಿಗರು ಲೊಕೊಮ್ಯಾಟ್ ಯಂತ್ರ ರೂಪಿಸಿದರು. ಅದರ ಮೊದಲ ವರದಿಗಳು 2000ದ ಸುಮಾರಿಗೆ ಬಂದವು. ಅದನ್ನು ಮಾಡಿದ್ದು ಬೆನ್ನುಹುರಿಗೆ ಪೆಟ್ಟಾದ ವಯಸ್ಕರಿಗೆ, ಅಂದರೆ ಖಡಕಿಯ ಯೋಧರಂಥವರಿಗೆ.

ಮಕ್ಕಳು ಇಲ್ಲೂ ತಡವಾಗಿ ಬಂದರು. ದೊಡ್ಡವರ ಯಂತ್ರದ ಲೋಹದ ಕಾಲು ಮಗುವಿನ ತೊಡೆಗೆ ಕೂರುತ್ತಿರಲಿಲ್ಲ. ಕೆಲವು ವರ್ಷಗಳ ನಂತರ, ತೊಡೆಯ ಉದ್ದ ಸುಮಾರು 21ರಿಂದ 35 ಸೆಂಟಿಮೀಟರ್ ಇರುವವರಿಗೆ ಸಣ್ಣ ಅಳತೆಯದು ಬಂತು. ಸೊಂಟಕ್ಕೆರಡು, ಮೊಣಕಾಲಿಗೆರಡು ಮೋಟಾರು; ಪಾದವನ್ನು ಎತ್ತಿ ಹಿಡಿಯಲು ಎಳೆಪಟ್ಟಿ; ಎದುರಿಗೆ ಪರದೆಯಲ್ಲಿ ಆಟ. ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ಆರಂಭದ ಸಣ್ಣ ಅಧ್ಯಯನಗಳಲ್ಲಿ ಕೆಲವು ವಾರಗಳ ಅಭ್ಯಾಸದಿಂದ ಮಕ್ಕಳ ನಿಲುವು, ನಡಿಗೆ ಸುಧಾರಿಸಿದ್ದು ಕಂಡಿತು.

ಆದರೆ ಪ್ರಶ್ನೆ ಇದ್ದದ್ದು ಬೇರೆ: ಅಷ್ಟೇ ಹೊತ್ತು ಮನುಷ್ಯರೇ ಅಭ್ಯಾಸ ಮಾಡಿಸಿದ್ದರೆ? ಲಕ್ವ ಹೊಡೆದ ವಯಸ್ಕರ ಮೇಲೆ ಅಮೆರಿಕದಲ್ಲಿ ನಡೆದ, 2008 ಮತ್ತು 2009ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಚಿಕಿತ್ಸಕರ ಕೈಯೇ ಮೇಲಾಯಿತು. ಪೋಲೆಂಡಿನಲ್ಲಿ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ಒಂದು ವಿವರಣೆ ಹೀಗಿದೆ. ಯಂತ್ರ ಪ್ರತಿ ಹೆಜ್ಜೆಯನ್ನೂ ತಾನೇ ಸರಿಯಾಗಿ ಹಾಕಿಕೊಟ್ಟರೆ ಮಗು ಸುಮ್ಮನೆ ತೂಗಾಡುತ್ತದೆ. ಎಡವಿ, ತಪ್ಪಿ, ಸರಿಪಡಿಸಿಕೊಳ್ಳುವುದಕ್ಕೆ ಅವಕಾಶವೇ ಇರುವುದಿಲ್ಲ. ಹಳೆಯ ನಡಿಗೆಯ ನೆನಪಿರುವವರಿಗೆ ಸರಿಯಾದ ಹೆಜ್ಜೆಯ ಪುನರಾವರ್ತನೆ ಆ ನೆನಪನ್ನು ಎಬ್ಬಿಸಬಹುದೇನೋ. ಮೊದಲ ಬಾರಿಗೆ ಕಲಿಯುವ ಮಗುವಿನಲ್ಲಿ ಎಬ್ಬಿಸಲು ಅಂಥ ನೆನಪಿಲ್ಲ. ಹಾಗಾಗಿಯೇ ಮೋಟಾರಿನ ನೆರವನ್ನು ತಗ್ಗಿಸುವ, ಮಗು ತಾನಾಗಿ ಕಾಲು ಎಳೆದಾಗಷ್ಟೇ ಪರದೆಯ ಆಟ ಮುಂದೆ ಸಾಗುವ ಏರ್ಪಾಡುಗಳು ಬಂದವು.

ಕಾಲದ ಮಿತಿಯೂ ಇದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ 1997ರಲ್ಲಿ ಈ ಮಕ್ಕಳ ಚಲನಶಕ್ತಿಯನ್ನು ಐದು ಹಂತಗಳಾಗಿ ವಿಂಗಡಿಸಿತು. ಒಂದನೇ ಹಂತದ ಮಗು ಊರುಗೋಲಿಲ್ಲದೆ ನಡೆಯುತ್ತದೆ. ಐದನೇ ಹಂತದ ಮಗುವಿಗೆ ತಲೆ ನಿಲ್ಲಿಸುವುದೂ ಕಷ್ಟ. 2002ರಲ್ಲಿ ಅದೇ ತಂಡ ತೋರಿಸಿದ್ದು ಇನ್ನೂ ಮುಖ್ಯ: ತನ್ನ ಹಂತದಲ್ಲಿ ಮುಟ್ಟಬಹುದಾದ ಚಲನಶಕ್ತಿಯ ಬಹುಪಾಲನ್ನು ಮಗು ಸುಮಾರು ಐದು ವರ್ಷದೊಳಗೇ ಮುಟ್ಟಿರುತ್ತದೆ. ತೊಡೆಯ ಉದ್ದ ಯಂತ್ರಕ್ಕೆ ಸಾಲುವಷ್ಟಾಗುವುದೂ ಹೆಚ್ಚುಕಡಿಮೆ ಆ ವಯಸ್ಸಿನ ಹತ್ತಿರವೇ.

ಪುಣೆಯ ಮಟ್ಟಿಗೆ ಇದು ದುಡ್ಡಿನ, ದಾರಿಯ ಪ್ರಶ್ನೆಯೂ ಹೌದು. ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಮನೆಗಳಿಗೆ ಹತ್ತಿರದ ಮಹಾನಗರ ಇದೇ. ಹತ್ತಿರ ಎಂದರೂ ಸೊಲ್ಲಾಪುರದಿಂದ 250 ಕಿಲೋಮೀಟರ್. ರೋಬಾಟ್ ಚಿಕಿತ್ಸೆ ಒಂದು ದಿನದ್ದಲ್ಲ; ವಾರಕ್ಕೆ ಹಲವು ಸಲದಂತೆ ವಾರಗಟ್ಟಲೆ ಬರಬೇಕು. ಕೂಲಿ ಬಿಟ್ಟು, ಕೋಣೆ ಹಿಡಿದು ಕೂತ ತಾಯಿಗೆ ‘ಮತ್ತೆ ನಡೆಸುತ್ತೇವೆ’ ಎಂಬ ಜಾಹೀರಾತಿನ ಮಾತು ಸಿಪಾಯಿಯ ಕಥೆಯನ್ನು ತನ್ನ ಮಗುವಿನ ಕಥೆಯೆಂದು ನಂಬಿಸಿಬಿಡುತ್ತದೆ. ಆಕೆ ಕೇಳಬೇಕಾದ ಪ್ರಶ್ನೆಗಳು ಸರಳ: ಮಗು ಯಾವ ಹಂತದಲ್ಲಿದೆ? ಯಂತ್ರದಲ್ಲಿ ಅದು ತಾನೇ ಎಷ್ಟು ಹೆಜ್ಜೆ ಹಾಕುತ್ತದೆ? ಊರಿಗೆ ಹೋದ ಮೇಲೆ ಅಭ್ಯಾಸ ಮುಂದುವರಿಸುವುದು ಹೇಗೆ?

ಕೊನೆಯ ಪ್ರಶ್ನೆಗೆ ಉತ್ತರ ಜಿಲ್ಲೆಗಳಲ್ಲೇ ಸಿಗಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲೇ ಶುರುವಾಯಿತು. ಅದರಡಿ ಜಿಲ್ಲೆಗಳಲ್ಲಿ ತೆರೆಯುವ ಶೀಘ್ರ ಮಧ್ಯಪ್ರವೇಶ ಕೇಂದ್ರಗಳಲ್ಲಿ ರೋಬಾಟ್ ಇರಬೇಕೆಂದಿಲ್ಲ. ಒಬ್ಬ ಫಿಸಿಯೊಥೆರಪಿಸ್ಟ್, ಒಂದು ಜೋಡಿ ಸಮಾನಾಂತರ ಸರಳು, ಎರಡು ವರ್ಷ ತುಂಬುವ ಮೊದಲೇ ಅಲ್ಲಿಗೆ ಬಂದ ಮಗು, ಇಷ್ಟಿದ್ದರೆ ಕೆಲಸ ಆರಂಭಿಸಬಹುದು. ಖಡಕಿಯ ಸಿಪಾಯಿಗೆ ಸರ್ಕಾರ ನೂರು ವರ್ಷದ ಹಿಂದೆಯೇ ಜಾಗ ಮಾಡಿಕೊಟ್ಟಿತ್ತು. ಅವನು ಮತ್ತೆ ಕಲಿತ. ಈ ಮಗು ಈಗಷ್ಟೇ ಕಲಿಯಬೇಕಿದೆ.